ರಾಸನ್ ಎಂಬ ಸರ್ಕಾರಿ ಊರು

ತ್ರೆಲೆವ್ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ನಿಂತರೆ ಯಾರು ಯಾವ ಕಡೆಗೆ ಹೊರಟವರೆಂದು ಕೇಳದೆಯೇ ಹೇಳಬಹುದು. ಬೆನ್ನಿಗೆ ಚೀಲ, ಕೊರಳಿಗೆ ಕ್ಯಾಮೆರಾ ಇದ್ದವರು ಪಶ್ಚಿಮಕ್ಕೆ, ಗೈಮಾನ್ ಊರಿಗೆ. ಅಲ್ಲಿ ವೆಲ್ಷ್ ಚಹಾಮನೆಗಳಿವೆ, ಹೂತೋಟಗಳಿವೆ, 1995ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಚಹಾ ಕುಡಿದುಹೋದ ಮನೆಯಿದೆ. ಕಂಕುಳಲ್ಲಿ ಬಿಸಿನೀರಿನ ಥರ್ಮಾಸ್, ಒಂದು ಕೈಯಲ್ಲಿ ಮಾತೆ ಎಂಬ ಎಲೆಕಷಾಯ ಕುಡಿಯುವ ಬುರುಡೆ, ಇನ್ನೊಂದರಲ್ಲಿ ಕಡತದ ಚೀಲ ಇದ್ದವರು ಪೂರ್ವಕ್ಕೆ, ರಾಸನ್‌ಗೆ. ಅವರೆಲ್ಲ ಸರ್ಕಾರಿ ನೌಕರರು. ನಾನು ಹತ್ತಿದ್ದು ಅವರ ಬಸ್ಸು. ಪಕ್ಕದ ಸೀಟಿನ ಹೆಂಗಸು, ಯಾವುದೋ ಇಲಾಖೆಯಲ್ಲಿ ಲೆಕ್ಕಪತ್ರ ನೋಡುವವರು, ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಏನಾದರೂ ಅರ್ಜಿ ಕೊಡುವುದಿತ್ತೇ?” ಎಂದರು. ಊರು ನೋಡಲು ಹೊರಟಿದ್ದೇನೆ ಎಂದಾಗ ಅವರಿಗೆ ನಗು ತಡೆಯಲಿಲ್ಲ. “ರಾಸನ್ ನೋಡುವುದಕ್ಕೆ ಅರ್ಧ ಗಂಟೆ ಸಾಕು. ಆಮೇಲೆ ಕಡಲ ಕಡೆ ಹೋಗಿ ಸಿಗಡಿ ತಿನ್ನಿ.”

ಅರ್ಧ ಗಂಟೆಗೆ ಮುಗಿಯುವ ಊರು ಎಂದು ಅವರು ಹೇಳಿದ್ದು ಆರ್ಜೆಂಟೀನಾದ ಚುಬುತ್ ಪ್ರಾಂತ್ಯದ ರಾಜಧಾನಿಯ ಬಗ್ಗೆ. ಪಟಗೋನಿಯಾದ ಈ ಪ್ರಾಂತ್ಯ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ದೊಡ್ಡದು. 2 ಲಕ್ಷ 24 ಸಾವಿರ ಚದರ ಕಿಲೋಮೀಟರನ್ನೂ ಮೀರುತ್ತದೆ. ಜನ ಮಾತ್ರ ಆರು ಲಕ್ಷದಷ್ಟು. ಆ ಜನರಲ್ಲೂ ಹೆಚ್ಚಿನವರು ಇರುವುದು ದಕ್ಷಿಣದ ತೈಲನಗರಿ ಕೊಮೊದೊರೊ ರಿವದಾವಿಯಾ, ಇಲ್ಲಿನ ತ್ರೆಲೆವ್, ಉತ್ತರದ ಬಂದರು ಪುವೆರ್ತೊ ಮಾದ್ರಿನ್ ಈ ಮೂರು ಕಡೆ. ರಾಸನ್‌ನ ಪಾಲಿಗೆ 2001ರ ಜನಗಣತಿಯಲ್ಲಿ ಬಂದದ್ದು ಇಪ್ಪತ್ತೆರಡು ಸಾವಿರ ಚಿಲ್ಲರೆ. ಇಷ್ಟಿದ್ದೂ ಗವರ್ನರ್ ಕೂರುವುದು ಇಲ್ಲಿ, ಶಾಸನಸಭೆ ಸೇರುವುದು ಇಲ್ಲಿ, ಪ್ರಾಂತ್ಯದ ಉಚ್ಚ ನ್ಯಾಯಾಲಯ ಇಲ್ಲಿ, ದೇಶದ ಕುಖ್ಯಾತ ಸೆರೆಮನೆಗಳಲ್ಲೊಂದು ಇರುವುದೂ ಇಲ್ಲೇ.

ಬಸ್ಸು ಕಣಿವೆಯ ಉದ್ದಕ್ಕೆ ಸಾಗುತ್ತದೆ. ಗಾಳಿ ತಡೆಯಲೆಂದು ಸಾಲಾಗಿ ನೆಟ್ಟ ಪಾಪ್ಲರ್ ಮರಗಳು, ಅವುಗಳ ಬುಡದಲ್ಲಿ ನೀರಿನ ಕಾಲುವೆ, ಕುದುರೆಮೇವಿನ ಹಸಿರು ಹೊಲ. ಹಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಬೂದುಬಣ್ಣದ ಕುರುಚಲು ಬಯಲು, ಆಂಡೀಸ್ ಪರ್ವತದ ತಪ್ಪಲವರೆಗೂ ಹೆಚ್ಚು ಕಡಿಮೆ ಹಾಗೆಯೇ. ವರ್ಷಕ್ಕೆ ಇನ್ನೂರು ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು. ಈ ಹಸಿರಿನ ಪಟ್ಟಿ ತಾನಾಗಿ ಹುಟ್ಟಿದ್ದಲ್ಲ, ಯಾರೋ ತೋಡಿ ಹುಟ್ಟಿಸಿದ್ದು. ಅವರ ಕಥೆಯನ್ನು ಊರು ತಲಪುವ ಮೊದಲೇ ಹೇಳಿಬಿಡುತ್ತೇನೆ. ಊರೊಳಗೆ ಅದನ್ನು ನೆನಪಿಸುವ ವಸ್ತು ಕಡಿಮೆ.

ಹತ್ತೊಂಬತ್ತನೇ ಶತಮಾನದ ನಡುವಿನ ವೇಲ್ಸ್. ಜಮೀನು ಒಡೆಯರದು, ಕಲ್ಲಿದ್ದಲ ಗಣಿ ಧಣಿಗಳದು, ಕಾನೂನು ಲಂಡನ್ನಿನದು, ಕೋರ್ಟಿನ ಭಾಷೆ ಇಂಗ್ಲಿಷ್. ಮನೆಯಲ್ಲಿ, ಪ್ರಾರ್ಥನಾಮಂದಿರದಲ್ಲಿ ಮಾತ್ರ ವೆಲ್ಷ್. ಅಮೆರಿಕಕ್ಕೆ ವಲಸೆ ಹೋದವರ ಮಕ್ಕಳು ಒಂದೇ ತಲೆಮಾರಿನಲ್ಲಿ ಇಂಗ್ಲಿಷರಾಗಿಬಿಡುವುದನ್ನು ಬಾಲಾ ಊರಿನ ಧರ್ಮೋಪದೇಶಕ ಮೈಕೆಲ್ ಡಿ. ಜೋನ್ಸ್ ಕಣ್ಣಾರೆ ಕಂಡಿದ್ದರು. ಹಾಗಾದರೆ ಬೇರೆ ಯಾರೂ ಇಲ್ಲದ, ಯಾರ ಆಡಳಿತವೂ ತಲಪದ ಜಾಗ ಬೇಕು; ಅಲ್ಲಿ ಶಾಲೆ, ನ್ಯಾಯ, ಕಾನೂನು ಎಲ್ಲವೂ ವೆಲ್ಷ್‌ನಲ್ಲಿ ನಡೆಯಬೇಕು ಎಂಬುದು ಅವರ ಹಂಬಲ. ಹುಡುಕಿ ಹುಡುಕಿ ಬೆರಳು ನಿಂತದ್ದು ಪಟಗೋನಿಯಾದ ಮೇಲೆ. ಯಾರೂ ಇಲ್ಲ ಎಂದುಕೊಂಡದ್ದು ಸುಳ್ಳು. ತೆವೆಲ್ಚೆ ಜನ ಅಲ್ಲಿ ಯಾವಾಗಿನಿಂದಲೋ ಓಡಾಡಿಕೊಂಡಿದ್ದರು. ಆಡಳಿತ ಇಲ್ಲ ಎಂದುಕೊಂಡದ್ದು ಅರ್ಧ ನಿಜ. ಬ್ಯೂನಸ್ ಐರಿಸ್‌ನ ಸರ್ಕಾರ ಆ ನೆಲ ತನ್ನದೆಂದು ಕಾಗದದ ಮೇಲೆ ಹೇಳುತ್ತಿತ್ತು. ಹಾಗೆ ಹೇಳಿಕೊಳ್ಳುವುದಕ್ಕೆ ನೆಲದ ಮೇಲೆ ತನ್ನ ಬಾವುಟ, ಬಾವುಟದ ಕೆಳಗೆ ಉಳುವ ಮನುಷ್ಯರು ಬೇಕಾಗಿದ್ದರು.

ಎರಡೂ ಕಡೆಯವರ ಅಗತ್ಯ ಒಂದೆಡೆ ಕೂಡಿದ್ದು ಒಳಾಡಳಿತ ಮಂತ್ರಿ ಗಿಯೆರ್ಮೊ ರಾಸನ್ ಅವರ ಕಚೇರಿಯಲ್ಲಿ. ಅಧ್ಯಕ್ಷ ಮಿತ್ರೆಯ ಸಂಪುಟದಲ್ಲಿದ್ದ ಈತ ವೃತ್ತಿಯಿಂದ ವೈದ್ಯ; ತಂದೆ ಅಮೆರಿಕದಿಂದ ಬಂದು ಸಾನ್ ಹುವಾನ್‌ನಲ್ಲಿ ನೆಲೆಸಿದ ಡಾಕ್ಟರು. ವೆಲ್ಷರೊಡನೆ ಮಾಡಿಕೊಂಡ ಒಪ್ಪಂದವನ್ನು 1863ರಲ್ಲಿ ಸಂಸತ್ತು ತಿರಸ್ಕರಿಸಿತು. ಮಾಲ್ವಿನಾಸ್ (ಫಾಕ್ಲೆಂಡ್) ದ್ವೀಪಗಳನ್ನು ಬ್ರಿಟಿಷರು ಕಸಿದುಕೊಂಡು ಮೂವತ್ತು ವರ್ಷವಾಗಿತ್ತು. ಬ್ರಿಟಿಷ್ ಪ್ರಜೆಗಳನ್ನು ಕರೆದು ಮನೆಯೊಳಗೆ ಕೂರಿಸುವುದೇ ಎಂಬ ಅನುಮಾನ ಸಂಸದರಿಗೆ. ರಾಸನ್ ಹಿಂದೆ ಸರಿಯಲಿಲ್ಲ. ಇದ್ದ ಕಾನೂನಿನ ಅಡಿಯಲ್ಲೇ ಕುಟುಂಬಕ್ಕೆ ಸುಮಾರು ನೂರು ಎಕರೆಯಂತೆ ಜಮೀನು ಕೊಡುವುದಾಗಿ ಹೇಳಿದರು. ಸ್ವಂತ ರಾಜ್ಯ ಕೊಡುತ್ತೇನೆಂದು ಅವರು ಹೇಳಿರಲಿಲ್ಲ. ಆ ವ್ಯತ್ಯಾಸ ವೇಲ್ಸಿನ ಹಳ್ಳಿ ಹಳ್ಳಿಗಳಲ್ಲಿ ಭಾಷಣ ಕೇಳಿ ಹೆಸರು ಬರೆಸಿದವರಿಗೆ ಎಷ್ಟು ಅರ್ಥವಾಗಿತ್ತೋ, ಅನುಮಾನ.

1865ರ ಮೇ 28ರಂದು ಲಿವರ್‌ಪೂಲ್ ಬಿಟ್ಟ ಮಿಮೋಸಾ ಎಂಬ ಹಳೆಯ ಚಹಾ ಹಡಗು ಜುಲೈ 28ಕ್ಕೆ ಇಲ್ಲಿನ ಕೊಲ್ಲಿಗೆ ಬಂತು. ಅದರಲ್ಲಿದ್ದವರು ನೂರೈವತ್ತಕ್ಕೂ ತುಸು ಹೆಚ್ಚು ಜನ: ಗಣಿಯವರು, ದರ್ಜಿಗಳು, ಬಡಗಿಗಳು, ಉಪದೇಶಕರು. ರೈತರೆನ್ನುವವರು ಬೆರಳೆಣಿಕೆ. ದಕ್ಷಿಣ ಗೋಳಾರ್ಧದ ನಡುಚಳಿಗಾಲ. ಇಳಿದ ಜಾಗದಲ್ಲಿ ಕುಡಿಯುವ ನೀರಿಲ್ಲ. ಸಿಹಿನೀರಿನ ಹೊಳೆ ದಕ್ಷಿಣಕ್ಕೆ ಅರವತ್ತೈದು ಕಿಲೋಮೀಟರ್ ದೂರ. ಗಂಡಸರು ನಡೆದು ಬಂದರು, ದಾರಿಯಲ್ಲಿ ಬಾಯಾರಿ ಬಿದ್ದರು. ಹೆಂಗಸರು ಮಕ್ಕಳನ್ನು ಮೇರಿ ಹೆಲೆನ್ ಎಂಬ ಸಣ್ಣ ಹಾಯಿಹಡಗಿನಲ್ಲಿ ಕಳಿಸಿದರು. ಬಿರುಗಾಳಿಗೆ ಸಿಕ್ಕ ಅದು ಎರಡು ವಾರಕ್ಕೂ ಹೆಚ್ಚು ಕಾಲ ಕಡಲಲ್ಲೇ ತೊಳಲಿತು. ಅಂತೂ ಹೊಳೆಯ ದಡದಲ್ಲಿ, ಅಳಿವೆಯಿಂದ ಸ್ವಲ್ಪ ಮೇಲೆ, ಹಿಂದೆ ಯಾರೋ ವ್ಯಾಪಾರಿ ಕಟ್ಟಿ ಬಿಟ್ಟುಹೋಗಿದ್ದ ಮಣ್ಣಿನ ಕೋಟೆಯ ಬಳಿ ಎಲ್ಲರೂ ಸೇರಿದರು. ಆ ಜಾಗವೇ ಇಂದಿನ ರಾಸನ್.

ಬಸ್ಸು ನಿಂತಿತು. ನೌಕರರು ನಾಲ್ಕು ದಿಕ್ಕಿಗೆ ಚದುರಿದರು.

ಮೊದಲು ಕಣ್ಣಿಗೆ ಬೀಳುವುದು ಫಲಕಗಳು. ಶಿಕ್ಷಣ ಮಂತ್ರಾಲಯ, ಅರಣ್ಯ, ಪಿಂಚಣಿ ನಿಧಿ, ಭೂದಾಖಲೆ, ಮೀನುಗಾರಿಕೆ. ಕೆಲವಕ್ಕೆ ದೊಡ್ಡ ಕಟ್ಟಡ, ಕೆಲವಕ್ಕೆ ಬಾಡಿಗೆ ಮನೆಯ ಮುಂಬಾಗಿಲು. ನಡುನಡುವೆ ಜೆರಾಕ್ಸ್ ಅಂಗಡಿ, ನೋಟರಿಯ ಬಾಗಿಲು, ಎಂಪನಾದ ಎಂಬ ಹೂರಣದ ಕಡುಬು ಮಾರುವ ಕಿಟಕಿ. ಮನೆಗಳು ಗಾಳಿಗೆ ಹೆದರಿದಂತೆ ತಗ್ಗಾಗಿವೆ. ಚಂದದ ಊರು ಎನ್ನಲಾರೆ. ಆದರೆ ಎಲ್ಲಿಯೂ ಚಂದ ಕಾಣಲು ಪಟ್ಟ ಪ್ರಯತ್ನವಿಲ್ಲದಿರುವುದೇ, ಗೈಮಾನ್‌ನ ಕಸೂತಿ ಮೇಜುಬಟ್ಟೆಗಳನ್ನು ನೋಡಿ ಬಂದ ಕಣ್ಣಿಗೆ, ಹಿತವಾಗಿತ್ತು.

ಫೊಂತಾನಾ ರಸ್ತೆಯ 50ನೇ ನಂಬರು ಸರ್ಕಾರಿ ಭವನ. ಅಂದರೆ ಗವರ್ನರ್ ಕಚೇರಿ. ಒಳಗೆ ಹೋಗುವವರು ಬರುವವರು ಯಾವ ಠೀವಿಯೂ ಇಲ್ಲದೆ ಓಡಾಡುತ್ತಿದ್ದರು. 2021ರ ಡಿಸೆಂಬರ್‌ನಲ್ಲಿ ಈ ಕಟ್ಟಡಕ್ಕೆ ಬೆಂಕಿ ಬಿತ್ತು. ಚುಬುತ್‌ನ ಒಳನಾಡಿನ ಬಯಲಿನಲ್ಲಿ ಬೆಳ್ಳಿಯ ದೊಡ್ಡ ನಿಕ್ಷೇಪವಿದೆ. ಆದರೆ 2003ರಿಂದ ಪ್ರಾಂತ್ಯದಲ್ಲಿ ತೆರೆದ ಗಣಿಗೆ ನಿಷೇಧ. ಆ ವರ್ಷ ಪರ್ವತದ ತಪ್ಪಲಿನ ಎಸ್ಕೆಲ್ ಪಟ್ಟಣದವರನ್ನು ಚಿನ್ನದ ಗಣಿ ಬೇಕೇ ಎಂದು ಕೇಳಿದ್ದಕ್ಕೆ ನೂರಕ್ಕೆ ಎಂಬತ್ತರಷ್ಟು ಮಂದಿ ಬೇಡವೆಂದು ಮತ ಹಾಕಿದ್ದರು. 2021ರ ಡಿಸೆಂಬರ್ 15ರಂದು ಶಾಸನಸಭೆ ಆ ನಿಷೇಧ ಸಡಿಲಿಸುವ ಮಸೂದೆಯನ್ನು ಮುನ್ಸೂಚನೆಯಿಲ್ಲದೆ ಎತ್ತಿಕೊಂಡು ಪಾಸು ಮಾಡಿತು. ಮರುದಿನ ಜನ ರಾಸನ್‌ಗೆ ನುಗ್ಗಿದರು. ಕಲ್ಲು, ಅಶ್ರುವಾಯು, ರಬ್ಬರ್ ಗುಂಡು; ಸರ್ಕಾರಿ ಕಚೇರಿಗಳಿಗೆ ಬೆಂಕಿ. ಒಂದು ವಾರ ಕಳೆಯುವುದರೊಳಗೆ ಅದೇ ಸಭೆ ಅದೇ ಕಾನೂನನ್ನು ರದ್ದು ಮಾಡಿತು. ಗೋಡೆಗಳ ಮೇಲೆ ಈಗಲೂ ಗಣಿ ಬೇಡ ಎಂಬ ಬರಹ ಇಲ್ಲಿ ಅಲ್ಲಿ ಕಾಣುತ್ತದೆ. ಬಳಿದ ಸುಣ್ಣದ ಮೇಲೆ ಮತ್ತೆ ಬರೆದದ್ದು ಬೇರೆ.

ಇದನ್ನು ನೋಡಿದಾಗ ಈ ಊರಿನ ಉಪಯೋಗ ತಿಳಿಯುತ್ತದೆ. ಪ್ರಾಂತ್ಯದವರಿಗೆ ಸಿಟ್ಟು ಬಂದರೆ ಬರಲೊಂದು ಜಾಗ ಬೇಕಲ್ಲ, ಅದು ರಾಸನ್. ಸಂಬಳ ತಡವಾದ ಮೇಷ್ಟರುಗಳು, ಮೀನು ಕಾರ್ಖಾನೆಯ ಕೂಲಿಗಳು, ಕೊಮೊದೊರೊದಿಂದ ನಾನ್ನೂರು ಕಿಲೋಮೀಟರಿನಷ್ಟು ದೂರ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದವರು, ಎಲ್ಲರೂ ಡೋಲು ಬಾರಿಸುತ್ತ ಇದೇ ರಸ್ತೆಗಳಲ್ಲಿ ನಡೆಯುತ್ತಾರೆ. ಊರಿನವರು ಅಂಗಡಿ ಬಾಗಿಲು ಅರ್ಧ ಎಳೆದು ನಿಂತು ನೋಡುತ್ತಾರೆ. ಅವರ ಮನೆಯಲ್ಲೂ ಒಬ್ಬ ಸರ್ಕಾರಿ ನೌಕರ ಇರುವುದರಿಂದ ಸಹಾನುಭೂತಿ ಯಾರ ಕಡೆಗೆಂದು ಹೇಳುವುದು ಕಷ್ಟ.

ಚೌಕದಲ್ಲಿ ಕೊಂಚ ಕುಳಿತೆ. ಚೌಕಕ್ಕೂ ಮಂತ್ರಿಯದೇ ಹೆಸರು. 1865ರ ಸೆಪ್ಟೆಂಬರ್ 15ರಂದು ಈ ಆಸುಪಾಸಿನಲ್ಲಿ ನಡೆದ ಸಮಾರಂಭವೇ ಊರಿನ ಹುಟ್ಟುಹಬ್ಬ. ಉತ್ತರದ ಪಟಗೋನೆಸ್ ಠಾಣೆಯ ಸೇನಾಧಿಕಾರಿ ಹೂಲಿಯಾನ್ ಮುರ್ಗಾ ಸಿಪಾಯಿಗಳೊಡನೆ ಬಂದು ಆರ್ಜೆಂಟೀನಾದ ನೀಲಿ ಬಿಳಿ ಬಾವುಟ ಏರಿಸಿ, ನೆಲವನ್ನು ವಸಾಹತಿಗೆ ವಿಧಿವತ್ತಾಗಿ ಒಪ್ಪಿಸಿಕೊಟ್ಟ. ಸ್ವಂತ ನೆಲವೆಂದು ಏಳು ಸಮುದ್ರ ದಾಟಿ ಬಂದವರು ಬೇರೆ ದೇಶದ ಬಾವುಟಕ್ಕೆ ಟೋಪಿ ತೆಗೆದು ನಿಂತರು. ಊರಿಗೆ ಇಟ್ಟ ಹೆಸರೂ ವೇಲ್ಸಿನ ಯಾವ ಸಂತನದೂ ಅಲ್ಲ, ಬ್ಯೂನಸ್ ಐರಿಸ್‌ನ ಮಂತ್ರಿಯದು. ಇಪ್ಪತ್ತೊಂದು ವರ್ಷದ ಬಳಿಕ ಹುಟ್ಟಿದ ತ್ರೆಲೆವ್ ವೆಲ್ಷರಲ್ಲೇ ಒಬ್ಬನಾದ ಲೂಯಿಸ್ ಜೋನ್ಸ್ ಹೆಸರನ್ನು ಹೊತ್ತಿತು. ಮಾದ್ರಿನ್‌ಗೆ ವೇಲ್ಸಿನ ಒಂದು ಜಮೀನ್ದಾರಿಯ ಹೆಸರು. ಮೊದಲ ಊರಿಗೆ ಮಾತ್ರ ಸರ್ಕಾರದ ಮೊಹರು ಬಿತ್ತು. ಅದು ಇವತ್ತಿಗೂ ಅಳಿಸಿಲ್ಲ ಎನಿಸುತ್ತದೆ.

ಹಾಗೆಂದು ಸರ್ಕಾರ ಕೂಡಲೇ ಬಂದು ಕೂರಲಿಲ್ಲ. ಬಾವುಟ ಕಟ್ಟಿ ಹೋದವರು ಆಮೇಲೆ ಹತ್ತು ವರ್ಷ ಹೆಚ್ಚಾಗಿ ತಿರುಗಿ ನೋಡಲೇ ಇಲ್ಲ. ಆ ಬಿಡುವಿನಲ್ಲಿ ಇಲ್ಲಿ ನಡೆದದ್ದು ಅಚ್ಚರಿಯದು. ಚುನಾಯಿತ ಮಂಡಳಿ, ಅದಕ್ಕೊಬ್ಬ ಅಧ್ಯಕ್ಷ, ಬರೆದಿಟ್ಟ ಸಂವಿಧಾನ, ನ್ಯಾಯಾಧೀಶ, ತಮ್ಮದೇ ಕಾಗದದ ಹಣ, ಗುಪ್ತ ಮತದಾನ. ಮತ ಹಾಕುವ ಹಕ್ಕು ಹದಿನೆಂಟು ತುಂಬಿದ ಗಂಡಸರಿಗೂ ಹೆಂಗಸರಿಗೂ. ಬ್ರಿಟನ್ನಿನಲ್ಲಿ ಹೆಂಗಸರು ಇದಕ್ಕೆ 1918ರ ತನಕ, ಆರ್ಜೆಂಟೀನಾದಲ್ಲಿ 1947ರ ತನಕ ಕಾಯಬೇಕಾಯಿತು. ಎಲ್ಲ ನಡಾವಳಿಯೂ ವೆಲ್ಷ್‌ನಲ್ಲಿ. ಆ ವರ್ಷಗಳ ಮಟ್ಟಿಗೆ ಈ ಮಣ್ಣುಗೋಡೆಯ ಹಳ್ಳಿ ಮೈಕೆಲ್ ಜೋನ್ಸ್ ಕನಸಿದ ದೇಶದ ರಾಜಧಾನಿಯೇ ಆಗಿತ್ತು. ಚೌಕದಲ್ಲಿ ಅದನ್ನು ಹೇಳುವ ಒಂದು ಸಾಲು ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ.

ಅಲ್ಲಿಂದ ಹೊಳೆ ಹತ್ತಿರ. ಚುಬುತ್ ದೊಡ್ಡ ನದಿಯೇನಲ್ಲ. ಕೆಸರು ಬಣ್ಣ, ಎರಡೂ ದಡಕ್ಕೆ ವಿಲೋ ಮರ. ಮಕ್ಕಳು ಗಾಳ ಹಾಕಿ ಕುಳಿತಿದ್ದರು. ಆರಂಭದ ವರ್ಷಗಳಲ್ಲಿ ವೆಲ್ಷರು ಮಳೆಯನ್ನು ನಂಬಿ ಬಿತ್ತಿ, ಬೆಳೆ ಒಣಗಿ, ಎಲ್ಲ ಬಿಟ್ಟು ಹೋಗುವ ಮಾತಾಡುತ್ತಿದ್ದರು. 1867ರ ಕೊನೆಯಲ್ಲಿ ಏರನ್ ಜೆಂಕಿನ್ಸ್ ಎಂಬವನ ಹೊಲ ಬಾಯ್ಬಿಟ್ಟು ಒಣಗುತ್ತಿದ್ದಾಗ ಹೊಳೆಯ ನೀರು ಹೊಲದ ಮಟ್ಟಕ್ಕಿಂತ ಮೇಲೆ ಹರಿಯುತ್ತಿದೆ ಎಂಬುದನ್ನು ಗಮನಿಸಿದವಳು ಅವನ ಹೆಂಡತಿ ರೇಚಲ್. ಒಂದು ತೋಡು ಕಡಿದರೆ ನೀರು ತಾನಾಗಿ ಬರುವುದಲ್ಲ ಎಂದಳಂತೆ. ಅವನು ಕಡಿದ. ನೀರು ಬಂತು, ಗೋಧಿ ಬಂತು. ಮುಂದಿನ ಎರಡು ದಶಕಗಳಲ್ಲಿ ಕಣಿವೆಯುದ್ದಕ್ಕೂ ಕಾಲುವೆಗಳನ್ನು ಕೈಯಿಂದಲೇ ತೋಡಿದರು. 1889ರಲ್ಲಿ ಇಲ್ಲಿಯ ಗೋಧಿಗೆ ಪ್ಯಾರಿಸ್ ಪ್ರದರ್ಶನದಲ್ಲಿ ಬಹುಮಾನ ಬಂತು. ಬೆಳಿಗ್ಗೆ ಬಸ್ಸಿನಿಂದ ಕಂಡ ಹಸಿರೆಲ್ಲ ರೇಚಲ್ ಅಂದ ಆ ಒಂದು ಮಾತಿನ ಹಿಂದೆ ಹರಿದು ಬಂದದ್ದು. ರೇಚಲ್ ಹೆಚ್ಚು ದಿನ ಬದುಕಲಿಲ್ಲ.

ಹೊಳೆಗೆ ಇಲ್ಲೊಂದು ಸೇತುವೆ, ಅದಕ್ಕೆ ಕವಿಯ ಸೇತುವೆ ಎಂದು ಹೆಸರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿ ಮೊದಲ ಸೇತುವೆ ಕಟ್ಟಿದವನು ಗುಟಿನ್ ಎಬ್ರಿಲ್. ಕೆಲಸದಿಂದ ಬಡಗಿ, ಕವಿ, ಐಸ್ಟೆಡ್‌ಫೊಡ್ ಎಂಬ ವೆಲ್ಷ್ ಕಾವ್ಯ ಸಂಗೀತ ಹಬ್ಬದ ಹಿರಿಯ. ಕವಿಯೊಬ್ಬನ ಹೆಸರಿನಲ್ಲಿ ಸೇತುವೆ ಇರುವುದು ಬೇರೆ ಕಡೆ ನೋಡಿದ್ದೇನೆ, ಕವಿಯೇ ಕಟ್ಟಿದ್ದನ್ನು ಕೇಳಿದ್ದು ಇದೇ ಮೊದಲು. ಐಸ್ಟೆಡ್‌ಫೊಡ್ ಈಗಲೂ ಪ್ರತಿವರ್ಷ ನಡೆಯುತ್ತದೆ. ನಡೆಯುವುದು ತ್ರೆಲೆವ್‌ನಲ್ಲಿ.

ಇದೇ ಹೊಳೆ 1899ರ ಜುಲೈನಲ್ಲಿ ಉಕ್ಕಿ ಇಡೀ ಕಣಿವೆ ನೀರಾಯಿತು. ಹಸಿ ಇಟ್ಟಿಗೆಯ ಮನೆಗಳು ಕರಗಿಹೋದವು. ತಗ್ಗಿನಲ್ಲಿದ್ದ ರಾಸನ್‌ಗೆ ಬಿದ್ದ ಪೆಟ್ಟು ಜೋರು. ಜನ ಗುಡ್ಡ ಹತ್ತಿ ಡೇರೆಗಳಲ್ಲಿ ಚಳಿಗಾಲ ಕಳೆದರು. ಮೇಲಿಂದ ಮೇಲೆ ನೆರೆ ಬಂದು ರೋಸಿ, 1902ರಲ್ಲಿ ಇನ್ನೂರಕ್ಕೂ ಹೆಚ್ಚು ವೆಲ್ಷರು ಗಂಟುಮೂಟೆ ಕಟ್ಟಿ ಕೆನಡಾಕ್ಕೆ ಹೊರಟುಹೋದರು. ಇಂಗ್ಲಿಷ್ ಬೇಡವೆಂದು ಬಂದವರು ಕೊನೆಗೆ ಬ್ರಿಟಿಷ್ ಸಾಮ್ರಾಜ್ಯದೊಳಕ್ಕೇ ಮರಳಿದರು. ಹೊಳೆ ಹದಕ್ಕೆ ಬಂದದ್ದು 1963ರಲ್ಲಿ, ಮೇಲೆ ಫ್ಲೊರೆಂತಿನೊ ಅಮೆಗಿನೊ ಅಣೆಕಟ್ಟು ಎದ್ದ ಮೇಲೆ.

ಬರ್ವಿನ್ ಹೆಸರಿನ ಪ್ರಾರ್ಥನಾಮಂದಿರ ಊರಿನಲ್ಲಿ ಉಳಿದಿರುವ ವೆಲ್ಷ್ ಗುರುತುಗಳಲ್ಲಿ ಮುಖ್ಯವಾದದ್ದು. ಇಟ್ಟಿಗೆಯ ಗೋಡೆ, ಇಳಿಜಾರು ತಗಡಿನ ಸೂರು, ಅಲಂಕಾರವೆಂಬುದಿಲ್ಲ. ಬಾಗಿಲಿಗೆ ಬೀಗ. ರಿಚರ್ಡ್ ಜೋನ್ಸ್ ಬರ್ವಿನ್ ಮಿಮೋಸಾದಲ್ಲಿ ಬಂದವನು. ಊರಿಗೆ ಬೇಕಾದ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಮೈಮೇಲೆ ಹಾಕಿಕೊಳ್ಳುವ ಜಾತಿಯ ಮನುಷ್ಯ: ಮೇಷ್ಟರು, ಅಂಚೆಯವನು, ಜನನ ಮರಣ ಬರೆಯುವವನು, ಪ್ರತಿದಿನದ ಗಾಳಿ ಚಳಿ ಗುರುತಿಡುವವನು. 1868ರಲ್ಲಿ ಅಚ್ಚಿನ ಯಂತ್ರವಿಲ್ಲದೆ ಕೈಯಲ್ಲೇ ಬರೆದು ಒಂದು ಪತ್ರಿಕೆ ಹೊರಡಿಸಿದ. 1878ರಲ್ಲಿ ವಸಾಹತಿನ ಮಕ್ಕಳಿಗಾಗಿ ವೆಲ್ಷ್ ಓದುಪುಸ್ತಕ ಬರೆದ. ಮನೆಯಲ್ಲಿ, ಗುಡಿಯಲ್ಲಿ ಮಾತ್ರವಿದ್ದ ಭಾಷೆಯನ್ನು ಗಣಿತ ಪಾಠಕ್ಕೂ ಜಮೀನಿನ ತಕರಾರಿಗೂ ತಂದವರಲ್ಲಿ ಇವನೊಬ್ಬ. ಲೂಯಿಸ್ ಜೋನ್ಸ್ ಪ್ರತಿಮೆ ತ್ರೆಲೆವ್‌ಗೆ ಇರಲಿ, ರಾಸನ್ ತನ್ನ ಪಾಲಿಗೆ ಈ ಗುಮಾಸ್ತನನ್ನು ಇಟ್ಟುಕೊಂಡದ್ದು ಸರಿಯೇ ಎನ್ನಿಸಿತು.

ಸರ್ಕಾರ ನಿಜವಾಗಿ ಬಂದದ್ದು 1884ರ ಕಾನೂನಿನಿಂದ. ಚುಬುತ್ ಕೇಂದ್ರಾಡಳಿತ ಪ್ರದೇಶವಾಯಿತು, ರಾಸನ್ ಅದರ ರಾಜಧಾನಿ. ಮೊದಲ ಗವರ್ನರ್ ಲೂಯಿಸ್ ಹೋರ್ಹೆ ಫೊಂತಾನಾ, ಚಾಕೊ ಕಾಡಿನ ಕಾಳಗದಲ್ಲಿ ಒಂದು ತೋಳು ಕಳೆದುಕೊಂಡಿದ್ದ ಸಿಪಾಯಿ. ವೆಲ್ಷರೊಡನೆ ಅವನಿಗೆ ಹೊಂದಿಕೆಯಾಯಿತು. 1885ರಲ್ಲಿ ಅವರಲ್ಲೇ ಮೂವತ್ತರಷ್ಟು ಬಂದೂಕುಧಾರಿ ಸವಾರರನ್ನು ಕಟ್ಟಿಕೊಂಡು ಪಶ್ಚಿಮದ ಬೆಟ್ಟಗಳವರೆಗೆ ಹೋಗಿಬಂದ. ಅವನ ಬಳಿಕ ಬಂದವರೊಡನೆ ಅಷ್ಟು ಸಲೀಸಾಗಲಿಲ್ಲ. ಶತಮಾನದ ಕೊನೆಗೆ ದೊಡ್ಡ ಜಗಳವಾದದ್ದು ಭಾನುವಾರದ ಕವಾಯತಿನ ಮೇಲೆ. ಹುಡುಗರು ಕಡ್ಡಾಯವಾಗಿ ಸೈನಿಕ ತರಬೇತಿಗೆ ಬರಬೇಕು, ಅದೂ ಭಾನುವಾರ. ಭಾನುವಾರ ಒಲೆ ಹಚ್ಚುವುದಕ್ಕೂ ಯೋಚಿಸುವ ಕಟ್ಟಾ ದೈವಭಕ್ತರಿಗೆ ಇದು ಸಹಿಸಲಾಗದ್ದು. ದೂರು ಲಂಡನ್ನಿನವರೆಗೂ ಹೋಯಿತು. 1899ರಲ್ಲಿ ಅಧ್ಯಕ್ಷ ರೋಕಾ ಖುದ್ದು ಬಂದು ಭಾನುವಾರದ ಕಟ್ಟಳೆ ತೆಗೆದರು. ಆದರೆ ಶಾಲೆಗಳಲ್ಲಿ ಸ್ಪ್ಯಾನಿಷ್ ಬೇರೂರಿ ನಿಂತಿತು, ಕಚೇರಿಯಲ್ಲಿ ಮೊದಲೇ ನಿಂತಿತ್ತು.

ವೆಲ್ಷತನ ರಾಸನ್ ಬಿಟ್ಟು ಹೊಳೆಯ ಮೇಲ್ಮುಖಕ್ಕೆ, ತ್ರೆಲೆವ್ ಗೈಮಾನ್‌ಗಳ ಕಡೆಗೆ ಹೋದದ್ದಕ್ಕೆ ಇನ್ನೊಂದು ಕಾರಣ ರೈಲು. ರಾಸನ್‌ನ ಅಳಿವೆಯಲ್ಲಿ ಮರಳು ದಿಬ್ಬ. ದೊಡ್ಡ ಹಡಗು ಬರಲಾರದು. ಗೋಧಿ ಸಾಗಿಸಲು ಆಳವಾದ ಬಂದರಿನ ಮಾದ್ರಿನ್‌ಗೆ 1888ರ ಹೊತ್ತಿಗೆ ಹಳಿ ಹಾಕಿದಾಗ ಅದು ಕಣಿವೆಗೆ ಬಂದು ಮುಟ್ಟಿದ ತುದಿ ತ್ರೆಲೆವ್. ವ್ಯಾಪಾರ, ಸಹಕಾರ ಸಂಘ, ಪತ್ರಿಕೆ ಎಲ್ಲ ಅದರ ಹಿಂದೆ ಹೋದವು. ಗೈಮಾನ್‌ಗೆ ಹೊಲ ತೋಟ. ರಾಸನ್‌ಗೆ ಉಳಿದದ್ದು ಗವರ್ನರ್, ಪೊಲೀಸು, ಪಾದ್ರಿ.

ಪಾದ್ರಿ ಎಂದೆನಲ್ಲ, 1892ರಲ್ಲಿ ಬಂದ ಸಲೇಸಿಯನ್ ಪಂಥದ ಕ್ಯಾಥೊಲಿಕರು ಇಲ್ಲಿ ಶಾಲೆ, ಆಸ್ಪತ್ರೆ ಕಟ್ಟಿದರು. ಅವರ ವಸ್ತುಸಂಗ್ರಹಾಲಯದಲ್ಲಿ ತೆವೆಲ್ಚೆ ಜನರ ಬಾಣದ ಮೊನೆ, ಬೇಟೆಗೆ ಬೀಸುವ ಕಲ್ಲಿನ ಗುಂಡುಗಳಂಥ ವಸ್ತುಗಳು ಗಾಜಿನ ಹಿಂದೆ ಇವೆ. ವೆಲ್ಷರಿಗೂ ತೆವೆಲ್ಚೆ ಜನರಿಗೂ ಮೊದಲ ಭೇಟಿಯಾದದ್ದು 1866ರ ಏಪ್ರಿಲ್‌ನಲ್ಲಿ, ಇದೇ ಹಳ್ಳಿಯಲ್ಲಿ, ಮದುವೆಯ ಸಂಭ್ರಮದ ನಡುವೆ. ಹೆದರಿಕೆ ಬೇಗ ಹೋಯಿತು. ವೆಲ್ಷರು ರೊಟ್ಟಿ ಕೊಟ್ಟರು. ತೆವೆಲ್ಚೆಗಳು ಗ್ವಾನಾಕೊ ಎಂಬ ಕಾಡುಪ್ರಾಣಿಯ ಮಾಂಸ, ಉಷ್ಟ್ರಪಕ್ಷಿಯಂಥ ಹಕ್ಕಿಯ ಗರಿ ಕೊಟ್ಟರು, ಬೇಟೆ ಕಲಿಸಿದರು. ಹೊಸಬರು ಹಸಿವಿನಿಂದ ಸಾಯದೆ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು. ಮುಂದೆ ಆರ್ಜೆಂಟೀನಾದ ಸೇನೆ ಪಟಗೋನಿಯಾವನ್ನು ಗೆಲ್ಲುತ್ತ ಬಂದಾಗ ವೆಲ್ಷರು ಇವರ ಪರವಾಗಿ ಸೇನಾಧಿಕಾರಿಗೆ ಮನವಿ ಬರೆದರು. ಏನೂ ಆಗಲಿಲ್ಲ. ಮಿಮೋಸಾದಲ್ಲಿ ಮೂರು ವರ್ಷದ ಮಗುವಾಗಿ ಬಂದಿದ್ದ ಜಾನ್ ಡೇನಿಯಲ್ ಇವಾನ್ಸ್ ತನ್ನ ನೆನಪುಗಳಲ್ಲಿ ಬರೆದದ್ದಿದೆ: ವಾಲ್ಚೆತಾ ಎಂಬಲ್ಲಿ ಮುಳ್ಳುತಂತಿಯ ಹಿಂದೆ ಕೂಡಿಹಾಕಿದ ಜನರ ನಡುವಿನಿಂದ ಒಬ್ಬ ಅವನನ್ನು ಕೂಗಿ, ಸ್ಪ್ಯಾನಿಷ್ ವೆಲ್ಷ್ ಬೆರೆಸಿ ರೊಟ್ಟಿ ಬೇಡಿದ. ನೋಡಿದರೆ ಬಾಲ್ಯದ ಗೆಳೆಯ. ಹಣ ಹೊಂದಿಸಿಕೊಂಡು ಬಿಡಿಸಲು ಇವಾನ್ಸ್ ಮತ್ತೆ ಹೋಗುವಷ್ಟರಲ್ಲಿ ಆತ ಸತ್ತಿದ್ದ. ಯಾರ ಆಡಳಿತವೂ ಇಲ್ಲದ ನೆಲ ಬೇಕೆಂದು ಬಂದವರ ಬೆನ್ನಿಗೇ ಆಡಳಿತ ಬಂದು, ಮೊದಲಿದ್ದವರನ್ನು ಹೀಗೆ ಮುಗಿಸಿತು. ವೆಲ್ಷ್ ವಸಾಹತಿನ ಕಥೆಯನ್ನು ಚಹಾ ಕೇಕಿನ ಜೊತೆ ಮಾರುವ ಕಡೆಗಳಲ್ಲಿ ಈ ಭಾಗ ಸಣ್ಣಕ್ಷರಕ್ಕೆ ಇಳಿದಿರುತ್ತದೆ.

ಸೆರೆಮನೆ ಊರ ಹೊರಗಿರುತ್ತದೆ ಎಂಬುದು ನಮ್ಮ ಲೆಕ್ಕ. ರಾಸನ್‌ನಲ್ಲಿ ಅದು ಮನೆಗಳ ನಡುವೆ. ಮಕ್ಕಳ ಸೈಕಲ್ಲು ಒರಗಿಸಿದ ಗೇಟು, ಅದರಾಚೆಯ ರಸ್ತೆಗೆ 6ನೇ ಘಟಕ ಎಂದು ಹೆಸರಿರುವ ಈ ಜೈಲಿನ ಎತ್ತರದ ಗೋಡೆ, ಕಾವಲು. 1972ರಲ್ಲಿ ಸೇನಾ ಸರ್ಕಾರ ದೇಶದ ಎಡಪಂಥೀಯ ಗೆರಿಲ್ಲಾ ಸಂಘಟನೆಗಳವರನ್ನು ಇಲ್ಲಿ ತಂದು ತುಂಬಿತ್ತು. ಓಡಿಹೋದರೂ ಎಲ್ಲಿಗೆ ಹೋದಾರು, ಸುತ್ತ ಬಯಲು ಎಂಬ ಎಣಿಕೆ. ಆಗಸ್ಟ್ 15ರ ಸಂಜೆ ಅವರು ಜೈಲನ್ನೇ ವಶಪಡಿಸಿಕೊಂಡರು. ಒಬ್ಬ ಕಾವಲುಗಾರ ಗುಂಡಿಗೆ ಸತ್ತ. ನೂರಕ್ಕೂ ಹೆಚ್ಚು ಮಂದಿಯನ್ನು ಸಾಗಿಸಲು ಹೊರಗೆ ಬರಬೇಕಿದ್ದ ಲಾರಿಗಳು, ಸಂಜ್ಞೆ ತಪ್ಪಾಗಿ ತಿಳಿದು, ಬರಲಿಲ್ಲ. ಆರು ನಾಯಕರು ಒಂದು ಕಾರಿನಲ್ಲಿ ತ್ರೆಲೆವ್ ವಿಮಾನ ನಿಲ್ದಾಣ ಸೇರಿ, ಅಪಹರಿಸಿದ ವಿಮಾನದಲ್ಲಿ ಚಿಲಿಗೆ ಹಾರಿದರು. ಟ್ಯಾಕ್ಸಿ ಹಿಡಿದು ಬಂದ ಹತ್ತೊಂಬತ್ತು ಜನ ತಲಪುವಾಗ ವಿಮಾನ ಹೋಗಿತ್ತು. ಪತ್ರಕರ್ತರ ಎದುರು, ಪ್ರಾಣಕ್ಕೆ ಭರವಸೆ ಕೇಳಿ, ಆಯುಧ ಕೆಳಗಿಟ್ಟರು. ಅವರನ್ನು ರಾಸನ್‌ಗೆ ವಾಪಸು ತರಲಿಲ್ಲ, ನೌಕಾನೆಲೆಗೆ ಒಯ್ದರು. ಆಗಸ್ಟ್ 22ರ ನಸುಕಿನಲ್ಲಿ ಕೋಣೆಗಳಿಂದ ಹೊರಗೆ ಸಾಲಾಗಿ ನಿಲ್ಲಿಸಿ ಗುಂಡು ಹಾರಿಸಿದರು. ಹದಿನಾರು ಜನ ಸತ್ತರು. ಗಾಯಗೊಂಡು ಉಳಿದ ಮೂವರು ಕೂಡ ಮುಂದಿನ ಸರ್ವಾಧಿಕಾರದ ಕಾಲದಲ್ಲಿ ಇಲ್ಲವಾದರು.

ನನಗೆ ಈ ಘಟನೆಗಿಂತ ಅದರ ಸುತ್ತಲಿನ ಸಂಗತಿ ಹೆಚ್ಚು ಕಾಡುತ್ತದೆ. ಕೈದಿಗಳ ಮನೆಯವರು ಸಾವಿರಾರು ಕಿಲೋಮೀಟರ್ ದೂರದಲ್ಲಿ. ಹಾಗಾಗಿ ತ್ರೆಲೆವ್, ರಾಸನ್, ಮಾದ್ರಿನ್‌ಗಳ ಸಾಮಾನ್ಯ ಜನ, ಮೇಷ್ಟರು, ವಕೀಲರು, ಗೃಹಿಣಿಯರು, ಒಬ್ಬೊಬ್ಬ ಕೈದಿಗೆ ಒಬ್ಬೊಬ್ಬರು ಪೋಷಕರಾಗಿ ಹೆಸರು ಕೊಟ್ಟು, ಸೋಪು, ಪುಸ್ತಕ, ಊಟ ಕೊಂಡೊಯ್ಯುತ್ತಿದ್ದರು. ಆ ಅಕ್ಟೋಬರ್‌ನಲ್ಲಿ ಸೇನೆ ಇಂಥವರನ್ನೇ ಹಿಡಿದುಕೊಂಡು ಹೋದಾಗ ತ್ರೆಲೆವ್ ಅಂಗಡಿ ಬಾಗಿಲು ಹಾಕಿ ಬೀದಿಗಿಳಿಯಿತು. ಹಿಡಿದವರನ್ನು ಬಿಡುವ ತನಕ ಮನೆಗೆ ಹೋಗಲಿಲ್ಲ. ನಲವತ್ತು ವರ್ಷ ಕಳೆದು, 2012ರಲ್ಲಿ, ಕೊಲೆಗಳ ವಿಚಾರಣೆ ರಾಸನ್‌ನಲ್ಲೇ ನಡೆಯಿತು. ಕೋರ್ಟಿನ ಸಭಾಂಗಣ ಸಾಲದೆ ಹೊಸೆ ಎರ್ನಾಂದೆಸ್ ಹೆಸರಿನ ರಂಗಮಂದಿರದಲ್ಲಿ ನ್ಯಾಯಪೀಠ ಹಾಕಿದರು. ಅಕ್ಟೋಬರ್ 15ರಂದು ನೌಕಾಪಡೆಯ ಮೂವರು ನಿವೃತ್ತರಿಗೆ ಜೀವಾವಧಿ ಶಿಕ್ಷೆಯ ತೀರ್ಪು ಬಂತು.

ಮಧ್ಯಾಹ್ನ ಎರಡಾಗುತ್ತಿದ್ದಂತೆ ಊರು ಇದ್ದಕ್ಕಿದ್ದಂತೆ ಖಾಲಿ. ಕಚೇರಿಗಳ ಬಾಗಿಲು ಮುಚ್ಚಿತು, ತ್ರೆಲೆವ್ ಬಸ್ಸಿಗೆ ಸರತಿ ನಿಂತಿತು, ಉಳಿದವರು ಊಟ ಮಾಡಿ ಮಲಗಲು ಹೋದರು. ಜೆರಾಕ್ಸ್ ಅಂಗಡಿಯವನೂ ಬಾಗಿಲೆಳೆದ. ರಸ್ತೆಯಲ್ಲಿ ನಾನು, ಗಾಳಿ, ಎರಡು ನಾಯಿ. ಬೆಳಗಿನ ಹೆಂಗಸು ಹೇಳಿದ್ದ ಕಡಲ ಕಡೆಗೆ ಹೊರಟೆ.

ಕಡಲು ಐದಾರು ಕಿಲೋಮೀಟರ್. ಪ್ಲಾಯಾ ಉನಿಯೊನ್ ಎಂಬುದು ರಾಸನ್‌ನದೇ ಬಡಾವಣೆಯಾದರೂ ಬೇರೆ ಊರಿಗೆ ಬಂದಂತಾಗುತ್ತದೆ. ಉದ್ದಕ್ಕೆ ಮರಳು, ನುಣುಪು ಬೆಣಚುಕಲ್ಲು, ಅಲೆಹಲಗೆ ಹಿಡಿದ ಹುಡುಗ ಹುಡುಗಿಯರು, ಬೇಸಿಗೆ ಮನೆಗಳು. ಛತ್ರಿ ಊರುವ ಆಸೆಯನ್ನು ಗಾಳಿ ಯಾರಿಗೂ ಉಳಿಸಿಲ್ಲ. ಮನೆಯವರೆಲ್ಲ ಮರಳಿನಲ್ಲಿ ಗಾಳಿಗೆ ಬೆನ್ನು ಮಾಡಿ ಒಂದೇ ದಿಕ್ಕಿಗೆ ಕುಳಿತಿರುತ್ತಾರೆ. ಈ ಗಾಳಿಯಿಂದ ಊರಿಗೆ ಈಚೆಗೆ ಲಾಭವೂ ಆಗಿದೆ. ಊರ ಹೊರಗಿನ ಬಯಲಿನಲ್ಲಿ 2012ರ ಹೊತ್ತಿಗೆ ನಲವತ್ತಮೂರು ಗಾಳಿಯಂತ್ರಗಳು ಎದ್ದವು, 77 ಮೆಗಾವಾಟ್. ಆಗ ದೇಶದಲ್ಲೇ ದೊಡ್ಡದು.

ಬಂದರು ಹೊಳೆಯ ಬಾಯಲ್ಲೇ ಇದೆ. ದೋಣಿಗಳಿಗೆಲ್ಲ ಹಳದಿ ಬಣ್ಣ, ಅದಕ್ಕೇ ಇಲ್ಲಿಯವರು ಹಳದಿ ಪಡೆ ಎನ್ನುತ್ತಾರೆ. ಬೇಸಿಗೆ ಸಿಗಡಿಯ ಕಾಲ. ಕಟ್ಟೆಯ ಪಕ್ಕದ ಹೋಟೆಲಿನಲ್ಲಿ ಬೆಳ್ಳುಳ್ಳಿ ಹಾಕಿ ಬಾಡಿಸಿದ ಸಿಗಡಿಯ ತಟ್ಟೆ ಬಂತು. ಹೆಬ್ಬೆರಳಿಗಿಂತ ದಪ್ಪ, ಸಿಹಿಯಾದ ಮಾಂಸ. ಲೆಕ್ಕಪತ್ರದ ಹೆಂಗಸಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ. ಅಳಿವೆಯ ಹೊರಗೆ ಕಪ್ಪು ಬಿಳುಪಿನ ಪುಟ್ಟ ಡಾಲ್ಫಿನ್‌ಗಳು ಇವೆ. ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿ ತೋರಿಸುತ್ತಾರೆ. ಆ ದಿನ ಗಾಳಿ ಜೋರಿದ್ದು ದೋಣಿ ಬಿಡಲಿಲ್ಲ.

ಮೀನಿನ ದೋಣಿಗಳು ಬರುತ್ತಿದ್ದವು. ಬಂದವು ಎನ್ನುವುದಕ್ಕಿಂತ ಹೊರಗೆ ಸಾಲಾಗಿ ಕಾಯುತ್ತಿದ್ದವು. ಮರಳು ದಿಬ್ಬ ಇನ್ನೂ ಅಲ್ಲೇ ಇದೆ. ಎಷ್ಟು ಹೂಳೆತ್ತಿದರೂ ಹೊಳೆ ಮತ್ತೆ ತಂದು ಹಾಕುತ್ತದೆ. ಉಬ್ಬರ ಏರಿದ ಮೇಲಷ್ಟೇ ಒಳಗೆ ದಾರಿ. ನೀರು ಏರಿತು. ಒಂದರ ಹಿಂದೊಂದು ಬಂದು ಕಟ್ಟೆಗೆ ತಾಗಿ ನಿಂತವು. ಪ್ಲಾಸ್ಟಿಕ್ ಪೆಟ್ಟಿಗೆಗಳು ಕೈಯಿಂದ ಕೈಗೆ ಹಾರಿ ಲಾರಿ ಸೇರತೊಡಗಿದವು. ಬೊಲಿವಿಯಾ ಕಡೆಯ ಮುಖದ ಹುಡುಗರು, ಇಟಲಿಯ ಹೆಸರಿನ ದೋಣಿಗಳು. ಕಟ್ಟೆಯ ಮೇಲೆ ಸರ್ಕಾರದ ಕೋಟು ಹಾಕಿದ ಯುವಕನೊಬ್ಬ ಹಲಗೆಗೆ ಸಿಕ್ಕಿಸಿದ ನಮೂನೆಯಲ್ಲಿ ಪೆಟ್ಟಿಗೆಗಳ ಲೆಕ್ಕ ಗುರುತಿಸುತ್ತಿದ್ದ. ಗಾಳಿಗೆ ಹಾಳೆ ಹಾರದಂತೆ ಮೊಣಕೈಯಲ್ಲಿ ಒತ್ತಿಕೊಂಡಿದ್ದ. ಹತ್ತಿರ ಹೋಗಿ ನಿಂತೆ.

“ನಿಮ್ಮ ಮನೆ ಇಲ್ಲೇನಾ?” ಎಂದೆ.

“ತ್ರೆಲೆವ್,” ಎಂದ ಪೆಟ್ಟಿಗೆಗಳಿಂದ ಕಣ್ಣು ತೆಗೆಯದೆ. “ರಾಸನ್‌ನಲ್ಲಿ ಕೆಲಸ ಅಷ್ಟೇ.” ಮತ್ತೆ ಸ್ವಲ್ಪ ಹೊತ್ತಿಗೆ, ನಾನು ಇನ್ನೂ ನಿಂತೇ ಇರುವುದನ್ನು ಕಂಡು, “ಅಜ್ಜಿ ಕಡೆಯವರು ವೆಲ್ಷ್” ಎಂದು ಸೇರಿಸಿ, ಮುಂದಿನ ದೋಣಿಯ ನಂಬರು ಬರೆದುಕೊಂಡ.